ಹಾವಿನ ಉಪವಾಸಕ್ಕೆ ಹನ್ನೊಂದು ಪಾತ್ರೆ ಊಟ

ರಾಯ್ಸ್ ಟಿಲರಿಗೆ ಹೆಂಡತಿ ವಹಿಸಿ ಹೋದದ್ದು ಒಂದೇ ಒಂದು ಕೆಲಸ. ಆ ಕೆಲಸವೇ ಈಗ ಊಟ ಬಿಟ್ಟು ಗಾಜಿನ ಪೆಟ್ಟಿಗೆಯೊಳಗೆ ಶತಪಥ ಹಾಕುತ್ತಿತ್ತು.

ಕೆಲಸದ ಹೆಸರು ವೆಂಡೆಲ್. ನಾಲ್ಕಡಿ ಉದ್ದದ ಗಂಡು ಕಾರ್ನ್ ಸ್ನೇಕ್. ಬೆನ್ನು ಇಟ್ಟಿಗೆ ಕೆಂಪು, ಹೊಟ್ಟೆಯ ಮೇಲೆ ಮೆಕ್ಕೆಜೋಳದ ತೆನೆಯ ಹಾಗೆ ಕಪ್ಪು ಬಿಳುಪು ಚೌಕುಳಿ. ವಿಷವಿಲ್ಲ, ಸಿಟ್ಟಿಲ್ಲ, ಯಾರ ತಂಟೆಗೂ ಹೋಗುವ ಜೀವವಲ್ಲ. ಲೊರೀನ್ ಟಿಲರಿ ದಕ್ಷಿಣ ಜಾರ್ಜಿಯಾದ ಆಲ್‌ಡ್ರಿಜ್ ಮಿಲ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದಾಗ ಶಾಲೆಯವರು ಒಂದು ಗೋಡೆ ಗಡಿಯಾರ ಕೊಟ್ಟರು, ಅವಳು ಜೊತೆಗೆ ತರಗತಿಯ ಹಾವನ್ನೂ ಕೇಳಿ ತಂದಳು. ಗಡಿಯಾರ ಇನ್ನೂ ಡಬ್ಬಿಯಿಂದ ಹೊರಬಂದಿಲ್ಲ. ವೆಂಡೆಲ್ ಮಾತ್ರ ಬಂದ ದಿನವೇ ಮುಂದಿನ ಕೋಣೆಯಲ್ಲಿ, ರಾಯ್ಸ್‌ನ ಒರಗು ಕುರ್ಚಿ ಇದ್ದ ಜಾಗದಲ್ಲಿ, ಶಾಸ್ತ್ರೋಕ್ತವಾಗಿ ಪ್ರತಿಷ್ಠಾಪಿತನಾದ. ಕುರ್ಚಿ ಗ್ಯಾರೇಜು ಸೇರಿತು. (ಕುರ್ಚಿಯಲ್ಲಿ ಕೂರುತ್ತಿದ್ದವನೂ ಹೆಚ್ಚುಕಡಿಮೆ ಅಲ್ಲೇ ಸೇರಿದ.)

ಮಾರ್ಚ್ ತಿಂಗಳ ಮಧ್ಯದಲ್ಲಿ ನಾಕ್ಸ್‌ವಿಲ್‌ನಲ್ಲಿದ್ದ ಮಗಳು ಮಾರ್ಲಾ ಅವಳಿ ಮಕ್ಕಳನ್ನು ಹೆತ್ತಳು. ಲೊರೀನ್ ಬಾಣಂತನಕ್ಕೆ ಹೊರಟು ನಿಂತಳು. ಹೊರಡುವ ಮುನ್ನ ಗಂಡನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ವೆಂಡೆಲ್‌ನ ಬಗ್ಗೆ ಐದು ನಿಮಿಷ ಉಪದೇಶ ಮಾಡಿದಳು. ಆ ಐದು ನಿಮಿಷವೂ ರಾಯ್ಸ್‌ನ ಒಂದು ಕಿವಿ ರೇಡಿಯೋದ ಬೇಸ್‌ಬಾಲ್ ಆಟದ ಕಡೆಗಿತ್ತು. ಇನ್ನೊಂದು ಕಿವಿಗೆ ಬಿದ್ದದ್ದು ಇಷ್ಟು: ಶುಕ್ರವಾರಕ್ಕೊಂದು ಇಲಿ, ಫ್ರೀಜರಿನಲ್ಲಿದೆ, ಬಿಸಿನೀರಲ್ಲಿಟ್ಟು ಕರಗಿಸು, ನನ್ನ ಕಾಫಿ ಕಪ್ಪು ಮುಟ್ಟಬೇಡ. ಮಧ್ಯದಲ್ಲಿ "ಈ ತಿಂಗಳಲ್ಲಿ" ಅಂತ ಏನೋ ಒಂದು ಬಂತು. ಅಷ್ಟರಲ್ಲಿ ಯಾರೋ ಚೆಂಡನ್ನು ಮೈದಾನದಾಚೆ ಹೊಡೆದರು.

"ಅರ್ಥ ಆಯ್ತಾ?" ಎಂದಳು ಲೊರೀನ್.

"ಪೂರ್ತಿ" ಎಂದ ರಾಯ್ಸ್.

ರಾಯ್ಸ್ ಹುಲ್ಲು ಕೊಯ್ಯುವ ಯಂತ್ರಗಳ ರಿಪೇರಿಯವನು. ಆ ಸುತ್ತಿನಲ್ಲಿ ಅವನ ಕೈಯಲ್ಲಿ ಮತ್ತೆ ಗುಡುಗದ ಎಂಜಿನ್ನಿಲ್ಲ. ಆದರೆ ಎಂಜಿನ್ನು ಎಣ್ಣೆ ಕುಡಿಯದಿದ್ದರೆ ಬಿಚ್ಚಿ ನೋಡಬಹುದು, ಹಾವನ್ನು ಬಿಚ್ಚುವುದು ಹೇಗೆ? ಮೊದಲ ಶುಕ್ರವಾರ ವೆಂಡೆಲ್ ಇಲಿಯ ಕಡೆ ಮುಖ ತಿರುಗಿಸಿದ. ಎರಡನೇ ಶುಕ್ರವಾರ ರಾಯ್ಸ್ ಇಲಿಯನ್ನು ಉದ್ದ ಚಿಮುಟದಲ್ಲಿ ಹಿಡಿದು ಜೀವವಿರುವ ಹಾಗೆ ಕುಣಿಸಿದ, ಕೀಚ್ ಕೀಚ್ ಎಂದು ತಾನೇ ಸದ್ದೂ ಮಾಡಿದ. ವೆಂಡೆಲ್ ಇಲಿಯ ಮೇಲಿಂದಲೇ ಹರಿದುಹೋಗಿ ಪೆಟ್ಟಿಗೆಯ ಮೂಲೆ ಹುಡುಕಿದ. ಮೊದಲೆಲ್ಲ ದಿನವಿಡೀ ಸುರುಳಿ ಸುತ್ತಿ ಬಿದ್ದಿರುತ್ತಿದ್ದ ಪ್ರಾಣಿ ಈಗ ಬೆಳಗಾದರೆ ಬೈಗಾದರೆ ಗಾಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಮುಚ್ಚಳಕ್ಕೆ ಮೂತಿ ತಿಕ್ಕಿ ತಿಕ್ಕಿ ಮೂತಿಯ ತುದಿ ಕೆಂಪಾಯಿತು. ಮುಟ್ಟಿದರೆ ಬೆಚ್ಚಿಬೀಳುತ್ತಿತ್ತು. ನಾಲಗೆಗಂತೂ ಬಿಡುವೇ ಇಲ್ಲ.

ರಾಯ್ಸ್ ಇದಕ್ಕೆಲ್ಲ ಒಂದೇ ಕಾರಣ ಕಂಡುಹಿಡಿದ. ಹಾವು ಲೊರೀನ್‌ಳ ನೆನಪಿನಲ್ಲಿ ಕೊರಗುತ್ತಿದೆ.

ದನಗಳ ಡಾಕ್ಟರಿಗೆ ಫೋನು ಮಾಡಿದ. "ನನಗೆ ಹಸು ಗೊತ್ತು, ಕುದುರೆ ಗೊತ್ತು, ನಾಯಿ ಗೊತ್ತು. ಕಾಲಿಲ್ಲದ್ದನ್ನ ತಂದ್ರೆ ನಾನೇ ಮೇಜು ಹತ್ತಿ ನಿಂತ್ಕೋತೀನಿ ಕಣಯ್ಯಾ" ಎಂದು ಅವರು ಫೋನಿಟ್ಟರು. ಲೊರೀನ್‌ಳ ಸ್ವೆಟರೊಂದನ್ನು ತಂದು ಪೆಟ್ಟಿಗೆಯಲ್ಲಿಟ್ಟ. ವೆಂಡೆಲ್ ಅದರ ತೋಳೊಳಗೆ ಹೊಕ್ಕು ಆ ಕಡೆಯಿಂದ ಹೊರಬಂದು ಪ್ರದಕ್ಷಿಣೆ ಮುಂದುವರಿಸಿದ. ಕೊನೆಗೆ ಅವಳ ದನಿಯನ್ನಾದರೂ ಕೇಳಿಸೋಣ ಎಂದು ತನ್ನ ಫೋನಿನಲ್ಲಿ ಹುಡುಕಿದ. ಸಿಕ್ಕಿದ್ದು ಕಳೆದ ವರ್ಷದ ಒಂದೇ ಸಂದೇಶ: "ರಾಯ್ಸ್, ಇವತ್ತು ಕಸದ ಡಬ್ಬಿ ಹೊರಗಿಡೋ ದಿನ. ಮರೀಬೇಡ." ಅದನ್ನೇ ಗಾಜಿಗೆ ಹಿಡಿದು ಮೂರು ಸಲ ಕೇಳಿಸಿದ. ಹಾವಿಗೆ ಕಿವಿಯಿಲ್ಲವೆಂಬುದು ಆಮೇಲೆ ನೆನಪಾಯಿತು. ಆದರೂ ನಾಲ್ಕನೆಯ ಸಲ ಹಾಕಿದ, ಆ ಸಲ ಫೋನನ್ನು ತನ್ನ ಕಿವಿಗೇ ಹಿಡಿದುಕೊಂಡ.

ಭಾನುವಾರದ ಮಧ್ಯಾಹ್ನ ಲೊರೀನ್‌ಳ ಫೋನು ಬರುತ್ತಿತ್ತು.

"ವೆಂಡೆಲ್ ಹೇಗಿದಾನೆ?"

"ಆನಂದವಾಗಿದಾನೆ. ಶುಕ್ರವಾರ ಇಲಿ ತಿಂದ. ಇನ್ನೊಂದು ಕೊಡು ಅನ್ನೋ ಹಾಗೆ ನೋಡ್ದ."

"ಮಾರ್ಚ್‌ನಲ್ಲಾ?"

"ಮಾರ್ಚ್‌ನಲ್ಲೇ. ಯಾಕೆ, ಮಾರ್ಚ್‌ನಲ್ಲಿ ಹೊಟ್ಟೆ ಹಸೀಬಾರದಾ?"

"ಹಸೀಲಿ, ಹಸೀಲಿ. ನೀನು ಏನ್ ತಿಂತಿದ್ದೀಯ?"

"ಮೂರು ಹೊತ್ತೂ ಹೊಟ್ಟೆ ತುಂಬ."

ಇದರಲ್ಲಿ ಮೊದಲನೆಯದು ಸುಳ್ಳು, ಎರಡನೆಯದು ನಿಜ. ಸುಳ್ಳು ಹೇಳಲು ಕಾರಣವಿತ್ತು. ಪೆನ್ಸಿಲಿನಷ್ಟಿದ್ದಾಗಿಂದ ಅವಳು ಅಂಗೈಯಲ್ಲಿಟ್ಟು ಬೆಳೆಸಿದ ಪ್ರಾಣಿ ಅದು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಲೊರೀನ್ ಜೀವವಿರುವ ಒಂದನ್ನು ತನ್ನೊಬ್ಬನ ಕೈಗೆ ಕೊಟ್ಟು ಹೋದದ್ದು ಇದೇ ಮೊದಲು. ಅವಳು ಬರುವ ಹೊತ್ತಿಗೆ ಅದು ಸತ್ತಿದ್ದರೆ ಅವಳ ಮುಖವನ್ನು ಹೇಗೆ ನೋಡುವುದು?

ಡಾಕ್ಟರು ಕೈಬಿಟ್ಟ ಮೇಲೆ ಉಳಿದದ್ದು ದೇವರು. ಬುಧವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನಾ ಕೂಟ. ಪಾಸ್ಟರ್ ಬ್ರದರ್ ಡ್ವೈಟ್ "ಯಾರಿಗೆ ಏನು ಕೋರಿಕೆ?" ಎಂದು ಕೇಳುತ್ತಾರೆ. ಒಬ್ಬರು ಎದ್ದು ಮಂಡಿನೋವು ಎನ್ನುತ್ತಾರೆ, ಇನ್ನೊಬ್ಬರು ಸೋದರಳಿಯನ ಕೋರ್ಟು ಕೇಸು ಎನ್ನುತ್ತಾರೆ, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಎದ್ದು ನಿಂತು "ನಮ್ಮ ಮನೆ ಹಾವಿಗೆ ಹಸಿವಿಲ್ಲ" ಎನ್ನಲು ರಾಯ್ಸ್‌ಗೆ ಬಾಯಿ ಬರಲಿಲ್ಲ. ಬೈಬಲಿನ ಏದೆನ್ ತೋಟದಲ್ಲಿ ಆದಿದಂಪತಿಗೆ ಹಣ್ಣು ತಿನ್ನಿಸಿದ ಪ್ರಕರಣವಾದಾಗಿಂದ ಆ ವಂಶದ ಮೇಲೆ ಚರ್ಚಿನವರಿಗೆ ವಿಶ್ವಾಸ ಅಷ್ಟಕ್ಕಷ್ಟೇ. ಅದೃಷ್ಟಕ್ಕೆ ಇಂಥ ಸಂಕೋಚದವರಿಗಾಗಿಯೇ ಅಲ್ಲಿ ಒಂದು ಪದ್ಧತಿಯಿದೆ. ಬಾಯಿಬಿಡದ ಕೋರಿಕೆ. ಕೈಯೆತ್ತಿ "ನನ್ನದೊಂದು ಬಾಯಿಬಿಡದ ಕೋರಿಕೆ" ಎಂದರೆ ಸಾಕು. ಏನು ಎತ್ತ ಎಂದು ಯಾರೂ ಕೇಳುವಂತಿಲ್ಲ. ದೇವರಿಗೆ ಗೊತ್ತು ಎಂದುಕೊಂಡು ಪ್ರಾರ್ಥಿಸಬೇಕು.

ರಾಯ್ಸ್ ಕೈಯೆತ್ತಿದ. ಚರ್ಚಿನ ನಲವತ್ತು ಕುತ್ತಿಗೆಗಳು ಒಂದೇ ಸಲ ತಿರುಗಿದವು. ಮೂವತ್ತು ವರ್ಷದಲ್ಲಿ ಅವನು ಕೈಯೆತ್ತಿದ್ದು ಅದೇ ಮೊದಲು. (ಕೇಳುವಂತಿಲ್ಲ, ನಿಜ. ಊಹಿಸುವಂತಿಲ್ಲ ಎಂದು ಯಾವ ನಿಯಮವೂ ಇಲ್ಲ.)

ಅಲ್ಲಿಗೆ ಬಿಟ್ಟಿದ್ದರೂ ಬಚಾವಾಗುತ್ತಿದ್ದ. ಕೂಟ ಮುಗಿದ ಮೇಲೆ ಮಿಸ್ ಓಪಲ್ ಅವರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ. ಮಿಸ್ ಓಪಲ್‌ಗೆ ಎಪ್ಪತ್ತೆಂಟು ವರ್ಷ, ನಲವತ್ತು ವರ್ಷ ನರ್ಸ್ ಆಗಿದ್ದವರು, ಚರ್ಚಿನ ಅಡುಗೆಮನೆಯ ಸರ್ವಾಧಿಕಾರಿಣಿ.

"ಮಿಸ್ ಓಪಲ್, ಒಂದು ಮಾತು ಕೇಳ್ಲಾ? ಏನೂ ತಿನ್ನದೆ ಎಷ್ಟು ದಿನ ಬದುಕಿರಬಹುದು?"

"ಯಾರಪ್ಪಾ?"

"ಹೀಗೇ... ಸುಮ್ನೆ ಕೇಳ್ದೆ."

ಮಿಸ್ ಓಪಲ್ ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಎಷ್ಟು ದಿನ ಆಯ್ತು ತಿಂದು?"

"ಮೂರು ವಾರ. ನಿಂತಲ್ಲಿ ನಿಲ್ಲಲ್ಲ, ಕೂತಲ್ಲಿ ಕೂರಲ್ಲ. ಸುಮ್ನೆ ಸುತ್ತೋದು. ಬಾಗಿಲು ಎಲ್ಲಿದೆ ಅಂತ ಹುಡುಕೋದು. ಮುಟ್ಟಿದ್ರೆ ಬೆಚ್ಚಿಬೀಳೋದು."

"ಯಾವಾಗಿಂದ ಹೀಗೆ?"

"ಲೊರೀನ್ ಹೋದಾಗಿಂದ" ಎಂದ ರಾಯ್ಸ್. ಹೇಳುವಾಗ ದನಿ ಯಾಕೋ ಸ್ವಲ್ಪ ಒಡೆಯಿತು.

ಮಿಸ್ ಓಪಲ್ ಅವನ ಕೈ ಹಿಡಿದು ಮೃದುವಾಗಿ ತಟ್ಟಿದರು. "ಇನ್ನೇನೂ ಹೇಳ್ಬೇಡ ಮಗಾ. ಬಾಯಿಬಿಡದ್ದು ಬಾಯಿಬಿಡದ ಹಾಗೇ ಇರ್ಲಿ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೊದಲ ಪಾತ್ರೆ ಬಂತು. ಕೋಳಿ, ಅನ್ನ, ಮೇಲೆ ಎರಡು ಬೆರಳು ಚೀಸು, ಒಲೆಯಿಂದ ಆಗಷ್ಟೇ ಇಳಿದದ್ದು. ಪಾತ್ರೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ "ಓಪಲ್" ಎಂದು ಬರೆದಿತ್ತು. ಆ ಊರಲ್ಲಿ ಸಾವಾದರೂ ಸಂಸಾರ ಮುರಿದರೂ ಜನ ಮಾತಾಡುವುದು ಕಮ್ಮಿ, ಅಡುಗೆ ಮಾಡಿ ತಂದಿಡುತ್ತಾರೆ. ಶನಿವಾರ ಸಿಹಿಗೆಣಸು ಬಂತು, ಸೋಮವಾರ ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಆಮೇಲೆ ಮ್ಯಾಕರೋನಿ, ಬಾಳೆಹಣ್ಣಿನ ಪುಡ್ಡಿಂಗು. ತಂದವರು ಬಾಗಿಲಲ್ಲೇ ನಿಂತು "ಎರಡು ತುತ್ತಾದ್ರೂ ತಿನ್ನು ಬ್ರದರ್ ರಾಯ್ಸ್" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಒಳಗೆ ಯಾರೂ ಬರುತ್ತಿರಲಿಲ್ಲ. ಒಳಗೆ ಹಾವಿತ್ತು.

ಬೇಡವೆನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಬೇಕಾದರೆ ಹಾವಿನ ಸುದ್ದಿ ಬರುತ್ತದೆ. ಅನ್ನ ಚೆಲ್ಲುವುದು ಪಾಪ. ಹೀಗೆ ಮೂರು ಕಡೆಯಿಂದಲೂ ಧರ್ಮಸಂಕಟಕ್ಕೆ ಸಿಕ್ಕಿ ರಾಯ್ಸ್ ಚಮಚ ಕೈಗೆತ್ತಿಕೊಂಡ. ಸಂಜೆ ಪೆಟ್ಟಿಗೆಯ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು, "ನೋಡು ವೆಂಡೆಲ್, ಹೀಗೆ ಬಾಯಿ ತೆಗೀಬೇಕು, ಹೀಗೆ ನುಂಗಬೇಕು" ಎಂದು ಮಾಡಿ ತೋರಿಸುತ್ತ ತಿಂದ. ಪಾಠ ಕಲಿಯುವ ಲಕ್ಷಣ ವೆಂಡೆಲ್‌ನಲ್ಲಿ ಕಾಣಲಿಲ್ಲ. ಮೇಷ್ಟರಿಗೆ ಮಾತ್ರ ಬೆಲ್ಟಿನಲ್ಲಿ ಎರಡು ಹೊಸ ತೂತು ಬೇಕಾಯಿತು. ನಾಲ್ಕು ವಾರದಲ್ಲಿ ಒಂಬತ್ತು ಪೌಂಡ್ ಏರಿದ. ಮಿಸ್ ಓಪಲ್ ಇದನ್ನು ಗಮನಿಸಲಿಲ್ಲವೇ? ಗಮನಿಸಿದರು. "ಪಾಪ, ಸಂಕಟಕ್ಕೆ ಮೈಯೆಲ್ಲ ನೀರು ತುಂಬ್ಕೊಂಡಿದೆ" ಎಂದು ಚರ್ಚಿನ ಅಡುಗೆಮನೆಯಲ್ಲಿ ವೈದ್ಯಕೀಯ ವರದಿ ಒಪ್ಪಿಸಿದರು.

ಅಷ್ಟಕ್ಕೇ ನಿಲ್ಲಿಸದೆ, ಮೇ ತಿಂಗಳ ಮೊದಲ ಶುಕ್ರವಾರ ನಾಕ್ಸ್‌ವಿಲ್‌ಗೆ ಫೋನನ್ನೂ ಮಾಡಿದರು. ಜಗಳದ ವಿಷಯ ತಾನು ಕೇಳುವುದಿಲ್ಲ, ಅದು ಗಂಡಹೆಂಡಿರಿಗೆ ಬಿಟ್ಟದ್ದು, ಆದರೆ ಆ ಮನುಷ್ಯ ತಿನ್ನುತ್ತಿಲ್ಲ, ಮಲಗುತ್ತಿಲ್ಲ, ನೀನು ಹೋದಾಗಿಂದ ಮನೆಯೊಳಗೆ ಸುತ್ತುತ್ತಲೇ ಇದ್ದಾನೆ ಎಂದರು. ಲೊರೀನ್ ಜಗಳದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಉಳಿದದ್ದನ್ನು ಮಾತ್ರ ಹಿಡಿದುಕೊಂಡಳು. ವೆಂಡೆಲ್ ಇಲಿ ತಿಂದ ಎಂಬುದು ಸುಳ್ಳೆಂದು ಅವಳಿಗೆ ಮೊದಲ ಭಾನುವಾರವೇ ಗೊತ್ತಾಗಿತ್ತು. ಹಾವಿನ ಹೊಟ್ಟೆಯ ಬಗ್ಗೆ ಸುಳ್ಳು ಹೇಳುವವನು ತನ್ನ ಹೊಟ್ಟೆಯ ಬಗ್ಗೆಯೂ ಸುಳ್ಳನ್ನೇ ಹೇಳುತ್ತಿದ್ದಾನೆ! ಅವಳ ಎದೆ ತುಂಬಿ ಬಂತು. ಮೂವತ್ತೊಂದು ವರ್ಷದಲ್ಲಿ "ನೀನಿಲ್ಲದಿದ್ದರೆ ಆಗಲ್ಲ" ಎಂಬ ಒಂದು ಮಾತು ಆ ಬಾಯಿಂದ ಬಂದಿರಲಿಲ್ಲ. ಶನಿವಾರ ಬೆಳಗಿನ ಜಾವವೇ ಕಾರು ಹತ್ತಿದವಳು ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ, ನಡುನಡುವೆ ನಾಚಿಕೊಳ್ಳುತ್ತ, ಎಂಟು ಗಂಟೆ ಓಡಿಸಿದಳು.

ಬಾಗಿಲು ದೂಡಿಕೊಂಡು "ರಾಯ್ಸ್!" ಎನ್ನುತ್ತ ಒಳಗೆ ಬಂದಾಗ ಗಂಡ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಪುಡ್ಡಿಂಗಿನ ಪಾತ್ರೆಯ ತಳ ಕೆರೆಯುತ್ತಿದ್ದ. ಕೆನ್ನೆಗಳು ದುಂಡಗೆ ಮಿಂಚುತ್ತಿದ್ದವು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀನು ಏನೂ ತಿಂತಿಲ್ಲ ಅಂದ್ರು" ಎಂದಳು ಲೊರೀನ್.

"ನಾನಾ? ಯಾರಂದಿದ್ದು? ತಿಂತಿಲ್ದೆ ಇರೋದು ಅವನು!" ರಾಯ್ಸ್ ಚಮಚವನ್ನು ಪೆಟ್ಟಿಗೆಯ ಕಡೆ ತೋರಿಸಿದ. ತಡೆದಿಟ್ಟದ್ದೆಲ್ಲ ಒಂದೇ ಸಲ ಹೊರಬಂತು. "ಕ್ಷಮಿಸ್ಬಿಡೇ ಲೊರೀನ್. ನಾನು ಸುಳ್ಳು ಹೇಳ್ದೆ. ನೀನು ಹೋದಾಗಿಂದ ಒಂದು ಇಲಿ ಮುಟ್ಟಿಲ್ಲ. ಏಳು ವಾರ ಆಯ್ತು. ಮೂತಿ ನೋಡು, ಹೇಗೆ ತರಚಿದೆ. ನಿನ್ನ ನೆನೆಸ್ಕೊಂಡು ಸಾಯ್ತಿದಾನೆ. ನಾನು ಏನೇನೋ ಮಾಡ್ದೆ ಕಣೇ, ಆಗ್ಲಿಲ್ಲ."

ಲೊರೀನ್ ವೆಂಡೆಲ್‌ನನ್ನು ಎತ್ತಿಕೊಂಡಳು. ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು ತೂಗಿದಳು. ಬಾಯಿ ನೋಡಿದಳು, ಚರ್ಮ ನೋಡಿದಳು. ಆಮೇಲೆ ಇಪ್ಪತ್ತೆಂಟು ವರ್ಷ ಮೂರನೇ ತರಗತಿಗೆ ಪಾಠ ಹೇಳಿದ ಅದೇ ದನಿಯಲ್ಲಿ ಹೇಳಿದಳು:

"ಸ್ವಲ್ಪ ಇಳಿದಿದಾನೆ, ಅಷ್ಟೇ. ಪ್ರತಿ ವರ್ಷ ಇಳೀತಾನೆ. ಮಾರ್ಚ್ ಬಂತು ಅಂದ್ರೆ ಗಂಡು ಹಾವಿಗೆ ಊಟ ಬೇಡ, ನಿದ್ದೆ ಬೇಡ. ಹೆಣ್ಣು ಬೇಕು. ಅದಕ್ಕೇ ಸುತ್ತೋದು, ಅದಕ್ಕೇ ಮೂತಿ ತಿಕ್ಕೋದು. ಮೇ ಕಳೀತಿದ್ದ ಹಾಗೆ ಆ ಹುಚ್ಚು ತಾನಾಗೇ ಇಳಿಯುತ್ತೆ. ಹೋಗೋವಾಗ ಇಲ್ಲೇ ನಿಲ್ಲಿಸಿ ಹೇಳಿದ್ನಲ್ಲೋ!"

ರಾಯ್ಸ್ ಬೆಪ್ಪಾಗಿ ನಿಂತ. "ಅಂದ್ರೆ ಅವನು ನಿನ್ನ ನೆನೆಸ್ಕೊಂಡು ಅಲ್ವಾ?"

"ನಾನು ಯಾರು ಅನ್ನೋದೂ ಗೊತ್ತಿಲ್ಲ ಅವನಿಗೆ. ನಾನು ಅವನ ಪಾಲಿಗೆ ಬೆಚ್ಚಗಿರೋ ಒಂದು ಮರ." ಲೊರೀನ್ ವೆಂಡೆಲ್‌ನನ್ನು ಪೆಟ್ಟಿಗೆಗೆ ಬಿಟ್ಟು ಮುಚ್ಚಳ ಹಾಕಿ ತಿರುಗಿದಳು. "ನೋಡು, ಕಣ್ಣಲ್ಲಿ ಕಂಡೇ ಇಲ್ಲದ ಒಂದು ಹೆಣ್ಣಿಗೋಸ್ಕರ ಅವನು ಏಳು ವಾರ ಉಪವಾಸ ಇದ್ದ. ಮೂವತ್ತೊಂದು ವರ್ಷ ಕಣ್ಮುಂದೆ ಇದ್ದ ಹೆಂಡ್ತಿಗೋಸ್ಕರ ನೀನು..." ಮೇಜಿನ ಮೇಲಿನ ಹನ್ನೊಂದು ಪಾತ್ರೆಗಳ ಸಾಲನ್ನೊಮ್ಮೆ ನೋಡಿದಳು. "ಪುಡ್ಡಿಂಗ್‌ನಲ್ಲಿ ನನಗೊಂದು ಚೂರಾದ್ರೂ ಬಿಟ್ಟಿದ್ದೀಯಾ?"

ಬಿಟ್ಟಿರಲಿಲ್ಲ.

ಆ ರಾತ್ರಿ ಟಿಲರಿ ದಂಪತಿಗಳ ನಡುವೆ ಮಾತುಕತೆ ಉಪ್ಪು, ಮೆಣಸು ಎಂಬ ಎರಡು ಪದಗಳನ್ನು ಮೀರಲಿಲ್ಲ.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಇನ್ನೊಂದು ಕಾದಿತ್ತು. ಮಿಸ್ ಓಪಲ್ ಎರಡೂ ಕೈ ಚಾಚಿ ಲೊರೀನ್‌ಳನ್ನು ಅಪ್ಪಿಕೊಂಡರು. "ತಿರುಗಿ ಬಂದ್ಯಲ್ಲಮ್ಮಾ, ದೊಡ್ಡ ಮನಸ್ಸು ಮಾಡ್ದೆ. ಮನೆ ಬಿಟ್ಟು ಹೋಗೋ ಅಂಥದ್ದು ಏನಾಯ್ತು ಅಂತ ನಾವ್ಯಾರೂ ಕೇಳಲ್ಲ." ಹಿಂದೆ ನಿಂತಿದ್ದ ಹೆಂಗಸರೆಲ್ಲ ಕ್ಷಮೆ ತುಂಬಿದ ಕಣ್ಣುಗಳಿಂದ ನೋಡಿದರು. ಲೊರೀನ್‌ಗೆ ಏಳು ವಾರದ ಕಥೆ ಆ ಕ್ಷಣದಲ್ಲಿ ಪೂರ್ತಿಯಾಗಿ ತಿಳಿಯಿತು. ಊರಿನ ಮಟ್ಟಿಗೆ ಅವಳು ಗಂಡನನ್ನು ಬಿಟ್ಟು ಓಡಿಹೋದವಳು. ಅವಳು ರಾಯ್ಸ್‌ನನ್ನು ನೋಡಿದ ನೋಟಕ್ಕೆ ಅವನ ಹೊಸ ಸೂಟು ಒಳಗಿಂದಲೇ ಸುಕ್ಕಾಯಿತು.

ಪಾಠ, ಹಾಡು ಮುಗಿದ ಮೇಲೆ ಬ್ರದರ್ ಡ್ವೈಟ್ ಕೇಳಿದರು: "ಯಾರ ಪ್ರಾರ್ಥನೆಯಾದ್ರೂ ಫಲಿಸಿದ್ದರೆ ಸಾಕ್ಷಿ ಹೇಳಬಹುದು." ಹೇಳುತ್ತ ಟಿಲರಿ ದಂಪತಿಗಳ ಕಡೆ ನೋಡಿ ಮುಗುಳ್ನಕ್ಕರು.

ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪದ್ಧತಿಯೇ ಹಾಗೆ. ಆದರೆ ಪಕ್ಕದಲ್ಲಿ ಲೊರೀನ್ ತಲೆ ತಗ್ಗಿಸಿ ಕೂತಿದ್ದಳು. ತಪ್ಪಿಲ್ಲದೆ ತಲೆ ತಗ್ಗಿಸಿದವಳನ್ನು ನೋಡಿ ರಾಯ್ಸ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ನನ್ನ ಹೆಂಡ್ತಿ ನನ್ನ ಬಿಟ್ಟು ಹೋಗಿರ್ಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ಲು. ಊಟ ಬಿಟ್ಟಿದ್ದು ನಾನಲ್ಲ." ಗಂಟಲು ಸರಿ ಮಾಡಿಕೊಂಡ. "ನಮ್ಮನೆ ಹಾವು."

ಎಲ್ಲೋ ಒಂದು ಬೀಸಣಿಗೆ ನಿಂತಿತು.

"ಅಂದ್ರೆ ಬ್ರದರ್ ರಾಯ್ಸ್," ಬ್ರದರ್ ಡ್ವೈಟ್ ಒಂದೊಂದೇ ಪದ ಇಟ್ಟು ಕೇಳಿದರು, "ಈ ಸಭೆ ಐದು ಬುಧವಾರ ಮಂಡಿಯೂರಿ ಪ್ರಾರ್ಥಿಸಿದ್ದು ಒಂದು ಹಾವಿಗೋಸ್ಕರನಾ?"

"ಹೌದು ಪಾಸ್ಟರ್. ಅದಕ್ಕೆ ಕಾಯಿಲೆ ಏನೂ ಇರ್ಲಿಲ್ಲ. ಅದಕ್ಕೆ... ಸಂಸಾರ ಹೂಡೋ ಆಸೆ ಬಂದಿತ್ತು."

ಮೊದಲು ಹಿಂದಿನ ಸಾಲು ನಕ್ಕಿತು. ಆಮೇಲೆ ಮಧ್ಯದ್ದು. ಕೊನೆಗೆ ಬ್ರದರ್ ಡ್ವೈಟ್ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ನಗದಿದ್ದವರು ಒಬ್ಬರೇ.

"ಹಾಗಾದ್ರೆ ನನ್ನ ಕೋಳಿ ಅನ್ನ ತಿಂದಿದ್ಯಾರು?" ಎಂದರು ಮಿಸ್ ಓಪಲ್.

"ನಾನೇ ಮಿಸ್ ಓಪಲ್. ಎಲ್ಲಾರದ್ದೂ ನಾನೇ."

"ನೀರು ತುಂಬ್ಕೊಂಡಿದ್ದಲ್ವಾ ಅದು?" ಅವರು ಅವನ ಹೊಟ್ಟೆಯನ್ನು ದಿಟ್ಟಿಸಿದರು. "ನಾಳೆ ಬೆಳಿಗ್ಗೆ ನನ್ನ ಪಾತ್ರೆ ಮನೆಗೆ ಬಂದಿರ್ಬೇಕು."

ಆಗ ಲೊರೀನ್ ತಲೆಯೆತ್ತಿದಳು. ಮುಖದಲ್ಲಿ ಮನೆಗೆ ಬಂದ ಮೇಲೆ ಮೊದಲ ಸಲ ಬೆಳಕು ಬಂದಿತ್ತು. "ಬರತ್ತೆ ಮಿಸ್ ಓಪಲ್. ಆದ್ರೆ ನಮ್ಮನೆಯಿಂದ ಯಾವತ್ತಾದ್ರೂ ಪಾತ್ರೆ ಬರಿದಾಗಿ ಬಂದಿದ್ಯಾ? ತುಂಬ್ಕೊಂಡೇ ಬರತ್ತೆ. ಹನ್ನೊಂದೂನು." ಗಂಡನ ಕಡೆ ತಿರುಗಿದಳು. "ತಿಂದಿದ್ದು ಯಾರೋ, ತುಂಬೋದೂ ಅವರೇ."

ಹೀಗಾಗಿ ಎಂಜಿನ್ನು ಬಿಟ್ಟರೆ ಬೇರೇನನ್ನೂ ಕಾಯಿಸಿ ಗೊತ್ತಿಲ್ಲದ ರಾಯ್ಸ್ ಟಿಲರಿ ಮೇ ತಿಂಗಳ ದಕ್ಷಿಣ ಜಾರ್ಜಿಯಾದ ಸೆಖೆಯಲ್ಲಿ ಒಲೆಯ ಮುಂದೆ ನಿಂತ. ಲೊರೀನ್ ಕುರ್ಚಿ ಹಾಕಿಕೊಂಡು ಕೂತು ನಿರ್ದೇಶನ ಮಾಡಿದಳು, ಕೈ ಹಾಕಲಿಲ್ಲ. ಮೊದಲ ಕೋಳಿ ಅನ್ನವನ್ನು ಮಿಸ್ ಓಪಲ್ ಬಾಗಿಲಲ್ಲೇ ಮೂಸಿ ನೋಡಿ ವಾಪಸು ಕಳಿಸಿದರು, ಎರಡನೆಯದನ್ನೂ ಕಳಿಸಿದರು. ಸಿಹಿಗೆಣಸು ಸೀದು ಪಾತ್ರೆಗೆ ಅಂಟಿತು, ಅದನ್ನು ಕೆರೆಯಲು ಗ್ಯಾರೇಜಿನಿಂದ ಉಳಿ ತರಬೇಕಾಯಿತು. ಮ್ಯಾಕರೋನಿ ಮಾತ್ರ ಒಂದೇ ಸಲಕ್ಕೆ ಪಾಸಾಯಿತು. ಆ ದಿನ ಲೊರೀನ್ ಅವನ ಬೆನ್ನು ತಟ್ಟಿ, ಕೂರು ಎಂದು ತನ್ನ ಕುರ್ಚಿ ಕೊಟ್ಟಳು. ಕೂತು ಅವನು ಸ್ವೆಟರಿನ ಕಥೆ ಹೇಳಿದ, ಫೋನಿನ ಕಥೆ ಹೇಳಿದ, ನಾಲ್ಕನೆಯ ಸಲದ್ದನ್ನೂ ಹೇಳಿಬಿಟ್ಟ. ಲೊರೀನ್ ಒಲೆಯ ಬೆಂಕಿ ಸ್ವಲ್ಪ ಕಡಿಮೆ ಮಾಡಿದಳು.

ಬೆವರಿಗೋ, ದಿನವಿಡೀ ವಾಸನೆ ಕುಡಿದು ತಿನ್ನುವ ಮನಸ್ಸೇ ಇಲ್ಲವಾಗಿಯೋ, ಜೂನ್ ಬರುವಷ್ಟರಲ್ಲಿ ರಾಯ್ಸ್‌ನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ವೆಂಡೆಲ್ ಆ ಹೊತ್ತಿಗೆ ಶತಪಥ ನಿಲ್ಲಿಸಿ, ಒಂದು ಸಂಜೆ ಏನೂ ಆಗಿಲ್ಲದವನ ಹಾಗೆ ಇಲಿ ನುಂಗಿ ಮಲಗಿದ್ದ. ಹನ್ನೊಂದನೆಯ ಪಾತ್ರೆ ಕೊಟ್ಟು ಬಂದ ದಿನ ಲೊರೀನ್ ಗಂಡನನ್ನು ತೂಕದ ಯಂತ್ರ ಹತ್ತಿಸಿದಳು. ಏರಿದ್ದ ಒಂಬತ್ತೂ ಇಳಿದು, ಮೇಲೆ ಇನ್ನೆರಡು ಹೋಗಿತ್ತು. ಕಣ್ಣ ಕೆಳಗೆ ಕಪ್ಪು, ಕುತ್ತಿಗೆಯಲ್ಲಿ ಅಂಗಿ ತೂಗುತ್ತಿತ್ತು.

ಲೊರೀನ್ ಎರಡು ಹೆಜ್ಜೆ ಹಿಂದೆ ಸರಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗೇ ನಿಂತ್ಕೋ. ಅಲ್ಲಾಡ್ಬೇಡ."

ಫೋನು ತೆಗೆದು ಒಂದು ಫೋಟೋ ಹಿಡಿದಳು. ಮಾರ್ಲಾಗೆ, ತನ್ನ ಮೂವರು ತಂಗಿಯರಿಗೆ, ಶಾಲೆಯ ಹಳೆಯ ಗೆಳತಿಯರಿಗೆಲ್ಲ ಕಳಿಸುತ್ತ ಕೆಳಗೆ ಬರೆದಳು: "ನಾನು ಊರಲ್ಲಿಲ್ಲದಿದ್ದಾಗ ನಿಮ್ಮ ರಾಯ್ಸ್ ಹೀಗಾಗಿದ್ದ."

ರಾಯ್ಸ್ ಅದನ್ನು ಓದಿ ನೋಡಿದ. ತಕರಾರು ಮಾಡಲಿಲ್ಲ. ಇನ್ನೊಂದು ತೆಗೆ ಎಂದು ಹೇಳಿ, ಕೆನ್ನೆಗಳನ್ನು ಇನ್ನೂ ಸ್ವಲ್ಪ ಒಳಗೆಳೆದುಕೊಂಡು ನಿಂತ.